ಚದರಕ್ಕೆ ಇಷ್ಟು ಎಂಬ ಮಾತಿಗೆ ಕಾನೂನಿನಲ್ಲಿ ಎಷ್ಟು ಬೆಲೆ?

ಶಿವಮೊಗ್ಗದ ಆಲ್ಕೊಳದಲ್ಲಾಗಲಿ ಭದ್ರಾವತಿಯ ಹಳೆಯ ಬಡಾವಣೆಗಳಲ್ಲಾಗಲಿ ಮನೆಯ ಮಾಡು ಬದಲಿಸಲು ಜನ ಹೊರಡುವುದು ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮುಂಚಿನ ಕೆಲವೇ ವಾರಗಳಲ್ಲಿ. ಎಲ್ಲರಿಗೂ ಒಟ್ಟಿಗೇ ಆತುರ. ಮೇಸ್ತ್ರಿ ಸಿಕ್ಕರೆ ಸಾಕು ಎಂಬ ಸ್ಥಿತಿ. ಹಾಗಾಗಿ ವ್ಯವಹಾರ 'ಚದರಕ್ಕೆ ಇಷ್ಟು' ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಮನೆಯವರು ಮೂರು ಕಡೆ ದರ ವಿಚಾರಿಸುತ್ತಾರೆ, ಕಡಿಮೆ ಹೇಳಿದವರ ಕೈಗೆ ಮುಂಗಡ ಕೊಡುತ್ತಾರೆ. ಆದರೆ ಮುಂದೆ ಜಗಳ ಹುಟ್ಟುವುದು ಸಾಮಾನ್ಯವಾಗಿ ದರದ ಮೇಲಲ್ಲ. ಎಷ್ಟು ಚದರ, ಯಾವ ದಪ್ಪದ ಶೀಟು, ಹಳೆ ಮರ ಯಾರಿಗೆ, ಇಳಿಸಿದ ರಾಶಿ ಯಾರು ಸಾಗಿಸಬೇಕು ಎಂಬುದರ ಮೇಲೆ. ಅಳತೆ, ಸಾಮಗ್ರಿ, ಗುಣಮಟ್ಟ ಬರೆದ ಅಂದಾಜುಪಟ್ಟಿಯನ್ನು ಕೇಳಿ ಪಡೆಯುವುದು ಮೇಸ್ತ್ರಿಯ ಮೇಲಿನ ಅನುಮಾನವಲ್ಲ, ಮನೆಯವರ ಹಕ್ಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರ ಹಕ್ಕುಗಳನ್ನು ಹೆಸರಿಸುವಾಗ ಸರಕು ಮತ್ತು ಸೇವೆಯ ಗುಣಮಟ್ಟ, ಪ್ರಮಾಣ, ಬೆಲೆಗಳನ್ನು ತಿಳಿಯುವ ಹಕ್ಕನ್ನೂ ಸೇರಿಸಿದೆ. ಬೆಲೆಯನ್ನು ಮಾತ್ರ ಕೇಳಿ ಪ್ರಮಾಣವನ್ನು ಬಿಟ್ಟರೆ ಆ ಹಕ್ಕಿನ ಅರ್ಧವನ್ನು ನಾವೇ ಬಿಟ್ಟುಕೊಟ್ಟಂತೆ.

ಲೆಕ್ಕ ಹಾಕಿ ನೋಡಿದರೆ ಇದು ಸಣ್ಣ ವಿಷಯವಲ್ಲ. 30 ಅಡಿ ಉದ್ದ, 20 ಅಡಿ ಅಗಲದ ಹಂಚಿನ ಮನೆ ಎಂದುಕೊಳ್ಳಿ. ನೆಲದ ಲೆಕ್ಕದಲ್ಲಿ ಅದು 600 ಚದರ ಅಡಿ, ಅಂದರೆ 6 ಚದರ. ಆದರೆ ಮಳೆನಾಡಿನಲ್ಲಿ ಸೂರು ಗೋಡೆಯಿಂದ ಹೊರಗೆ ಚಾಚಲೇಬೇಕು. ನಾಲ್ಕೂ ಕಡೆ 2 ಅಡಿ ಚಾಚಿದರೆ 34ರಿಂದ 24 ಗುಣಿಸಿ 816 ಚದರ ಅಡಿ. ಮಾಡು ಇಳಿಜಾರು, 30 ಡಿಗ್ರಿ ಇಳಿಜಾರಿಗೆ ಮಟ್ಟದ ಅಳತೆಯನ್ನು 1.155ರಿಂದ ಗುಣಿಸಬೇಕು. ಹೊದಿಸಬೇಕಾದ ನಿಜವಾದ ಮೈ ಸುಮಾರು 942 ಚದರ ಅಡಿ, ಅಂದರೆ 87.5 ಚದರ ಮೀಟರ್. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. ಒಡೆಯುವುದಕ್ಕೆ ನೂರಕ್ಕೆ 5ರಂತೆ ಸೇರಿಸಿದರೆ 1,380ರ ಆಸುಪಾಸು. ನೆಲದ ಅಳತೆಯನ್ನೇ ನಂಬಿ ಹಂಚು ತರಿಸಿದವರ ಅಂಗಳಕ್ಕೆ ಅದೇ ಲೆಕ್ಕದಲ್ಲಿ ಬರುವುದು 880ರ ಆಸುಪಾಸು. ಈಗ ಇಬ್ಬರು ಮೇಸ್ತ್ರಿಗಳ ದರ ಹೋಲಿಸಿ. ಒಬ್ಬರು ನೆಲದ ಅಳತೆಯ ಮೇಲೆ, ಇನ್ನೊಬ್ಬರು ಶೇ 20 ಕಡಿಮೆ ದರದಲ್ಲಿ ಮಾಡಿನ ಮೈ ಅಳತೆಯ ಮೇಲೆ ಹೇಳಿದ್ದರೆ, ಕಡಿಮೆ ಹೇಳಿದವರ ಬಿಲ್ಲೇ ಕಾಲುಭಾಗ ಹೆಚ್ಚಾಗುತ್ತದೆ. ಇಬ್ಬರೂ ಸುಳ್ಳು ಹೇಳಿಲ್ಲ. ಯಾವುದರ ಮೇಲಿನ ಚದರ ಎಂದು ಕೇಳದೆ ಬಿಟ್ಟದ್ದಷ್ಟೇ ತಪ್ಪು.

ಶೀಟಿನ ಮಾಡಿನಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ಬರುತ್ತದೆ. 0.50 ಮಿಲಿಮೀಟರ್ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 3.9 ಕಿಲೊ ತೂಗುತ್ತದೆ, 0.45ರದ್ದು 3.5 ಕಿಲೊ. ಬಣ್ಣ ಬಳಿದ ಮೇಲೆ ಕಣ್ಣಿಗೆ ಎರಡೂ ಒಂದೇ. ಹೇಳಿದ ದಪ್ಪ ಬರೀ ಉಕ್ಕಿನದೋ, ಲೇಪ ಬಣ್ಣ ಎಲ್ಲ ಸೇರಿದ್ದೋ ಎಂಬುದರಲ್ಲೇ ವ್ಯತ್ಯಾಸ ಅಡಗಿರುತ್ತದೆ. ಹಣ ಕೊಡುವುದು ಶೀಟಿನ ಪೂರ್ತಿ ಅಗಲಕ್ಕೆ. ಮಾಡು ಮುಚ್ಚುವುದು ಒಂದರ ಮೇಲೊಂದು ಕೂತ ಮೇಲೆ ಉಳಿಯುವ ಅಗಲ. ಇವೆರಡನ್ನೂ ಪಟ್ಟಿಯಲ್ಲಿ ಬರೆಸಬೇಕು. ಸತು ಲೇಪದ ತಗಡಿಗೆ ಐಎಸ್ 277, ಮಂಗಳೂರು ಮಾದರಿ ಹಂಚಿಗೆ ಐಎಸ್ 654, ಕಾಂಕ್ರೀಟಿನ ಕಂಬಿಗೆ ಐಎಸ್ 1786 ಎಂದು ಭಾರತೀಯ ಮಾನಕ ಬ್ಯೂರೊದ ಸಂಖ್ಯೆಗಳಿವೆ. 'ಒಳ್ಳೆ ಕಂಪನಿ ಶೀಟು' ಎಂಬುದಕ್ಕೆ ನ್ಯಾಯಾಲಯದಲ್ಲಿ ಅರ್ಥ ಹುಡುಕುವುದು ಕಷ್ಟ; ದಪ್ಪ ಮತ್ತು ಐಎಸ್ ಸಂಖ್ಯೆ ಬರೆದಿದ್ದರೆ ಅಳೆದು ನೋಡಬಹುದು. ಸಾಮಗ್ರಿಯ ಮೇಲಿನ ಪರವಾನಗಿ ಸಂಖ್ಯೆ ಅಸಲಿಯೇ ಎಂದು ಬ್ಯೂರೊದ ಬಿಐಎಸ್ ಕೇರ್ ಆ್ಯಪಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಇನ್ನೊಂದು ವಿಷಯ: 2009ರ ಕಾನೂನುಮಾಪನ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸರಕಿಗಾಗಲಿ ಸೇವೆಗಾಗಲಿ ದರ ಹೇಳುವುದು, ಬಿಲ್ ಬರೆಯುವುದು ಪ್ರಮಾಣೀಕೃತ ಅಳತೆಯಲ್ಲೇ ಆಗಬೇಕು. ನಮ್ಮ ರೂಢಿಯ ಚದರ, ಅಡಿಗಳು ಆ ಪಟ್ಟಿಯಲ್ಲಿಲ್ಲ. ಮಾತಿನಲ್ಲಿ ಚದರ ಎನ್ನಲಿ, ಕಾಗದದಲ್ಲಿ ಚದರ ಮೀಟರ್ ಮತ್ತು ಕಿಲೊ ಇರಲಿ.

ಮರ ಮತ್ತು ಹಳೆ ಹಂಚಿನ ಬಾಬ್ತು ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಇಳಿಸಿದ ಪಕಾಸಿ, ರೀಪು, ಹಂಚುಗಳು ಮನೆಯವರ ಸೊತ್ತು. ಬೇರೆ ಒಪ್ಪಂದವಿಲ್ಲದಿದ್ದರೆ ಕೆಲಸದವರು ಅವನ್ನು ಕೂಲಿಯ ಭಾಗವೆಂದು ಒಯ್ಯುವಂತಿಲ್ಲ. ಎಷ್ಟು ಮರ ಮರುಬಳಕೆ, ಎಷ್ಟು ಹೊಸದು ಎಂದು ಬರೆದರೆ ಆ ಮಾತೇ ಏಳುವುದಿಲ್ಲ. ಇಳಿಸುವುದು ಸಿಮೆಂಟ್ ಶೀಟಾದರೆ ಅದರಲ್ಲಿ ಕಲ್ನಾರು ಇರುವ ಸಂಭವ ಹೆಚ್ಚು. ಅದನ್ನು ಒಡೆದು ಪುಡಿಮಾಡದೆ, ಒದ್ದೆ ಮಾಡಿ, ಇಡಿಯಾಗಿ ಇಳಿಸಬೇಕು. ಅದಕ್ಕೆ ಹೆಚ್ಚು ಕೂಲಿ ತಗಲುತ್ತದೆ. ಕಟ್ಟಡ ತ್ಯಾಜ್ಯವನ್ನು ಚರಂಡಿಗೋ ರಸ್ತೆ ಬದಿಗೋ ಸುರಿಯದೆ ಗೊತ್ತುಪಡಿಸಿದ ಜಾಗಕ್ಕೆ ಸಾಗಿಸುವ ಹೊಣೆಯನ್ನು 2016ರ ನಿಯಮಗಳು ತ್ಯಾಜ್ಯ ಉಂಟುಮಾಡಿದವರ ಮೇಲೆಯೇ ಹೊರಿಸಿದವು.

ಇಷ್ಟೆಲ್ಲ ಬರೆದರೂ ಮೇಸ್ತ್ರಿ ಸಹಿ ಹಾಕುವುದಿಲ್ಲ, ಛಾಪಾ ಕಾಗದವೂ ಇಲ್ಲ, ಅದಕ್ಕೇನು ಬೆಲೆ ಎಂಬ ಆಕ್ಷೇಪ ಸಹಜ. 1872ರ ಭಾರತೀಯ ಒಪ್ಪಂದ ಕಾಯ್ದೆ ಇಲ್ಲಿ ನಾವಂದುಕೊಂಡಿರುವುದಕ್ಕಿಂತ ಉದಾರವಾಗಿದೆ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅದರ 8ನೇ ಸೆಕ್ಷನ್ ಪ್ರಕಾರ ಪ್ರಸ್ತಾವದ ಜೊತೆ ನೀಡಿದ ಪ್ರತಿಫಲವನ್ನು ಸ್ವೀಕರಿಸುವುದೇ ಪ್ರಸ್ತಾವಕ್ಕೆ ಒಪ್ಪಿಗೆ. ಅಂದಾಜುಪಟ್ಟಿಯನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ 'ಈ ಪ್ರಕಾರ ಮುಂಗಡ ಕಳಿಸುತ್ತಿದ್ದೇನೆ' ಎಂದು ಬರೆದು ಯುಪಿಐ ಮೂಲಕ ಹಣ ಹಾಕಿ, ಅವರು ಅದನ್ನು ಪಡೆದು ಕೆಲಸ ಶುರು ಮಾಡಿದರೆ ಸಹಿ ಇಲ್ಲದೆಯೂ ಒಪ್ಪಂದ ನಿಲ್ಲಬಲ್ಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಇಂಥ ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಂದಿಗೆ ಹಾಜರುಪಡಿಸಲು ದಾರಿ ಕೊಟ್ಟಿದೆ. ಫೋನ್ ಬದಲಿಸಿದರೂ ಸಂದೇಶ ಅಳಿಸಬಾರದು. ಛಾಪಾ ಕಾಗದ ಇಲ್ಲದ್ದರಿಂದ ಒಪ್ಪಂದ ಸಾಯುವುದಿಲ್ಲ. ಶುಲ್ಕದ ಕೊರತೆಯನ್ನು ದಂಡ ಕಟ್ಟಿ ಸರಿಪಡಿಸುವ ಅವಕಾಶ ಕರ್ನಾಟಕ ಮುದ್ರಾಂಕ ಕಾಯ್ದೆಯಲ್ಲೇ ಇದೆ. ಎಚ್ಚರ ಬೇಕಾದದ್ದು ಬೇರೆ ಕಡೆ: ಒಪ್ಪಂದವನ್ನು ಬರಹಕ್ಕಿಳಿಸಿದ ಮೇಲೆ ಅದಕ್ಕೆ ವಿರುದ್ಧವಾದ ಬಾಯಿಮಾತು ಸಾಮಾನ್ಯವಾಗಿ ನಿಲ್ಲದು. ಕಾಗದದಲ್ಲಿ 0.45 ಎಂದಿದ್ದು ಮಾತಿನಲ್ಲಿ 0.50 ಎಂದಿದ್ದರೆ ಗೆಲ್ಲುವುದು ಕಾಗದ.

ಎರಡನೇ ಆಕ್ಷೇಪ ಕೆಲಸದವರದು, ಅದಕ್ಕೆ ತೂಕವಿದೆ. ಹಂಚು ಇಳಿಸುವವರೆಗೆ ಒಳಗಿನ ಮರ ಗೆದ್ದಲು ತಿಂದಿದೆಯೋ ಇಲ್ಲವೋ ಯಾರಿಗೂ ಗೊತ್ತಾಗದು. ಮೊದಲೇ ಮೊತ್ತ ಬರೆದುಕೊಟ್ಟು ಸಿಕ್ಕಿಬೀಳುವುದು ಹೇಗೆ? ಆದರೆ ಅಂದಾಜುಪಟ್ಟಿ ಎಂದರೆ ಕಲ್ಲಿನಲ್ಲಿ ಕೆತ್ತಿದ ಮೊತ್ತವಲ್ಲ. ಕಾಣುವ ಕೆಲಸಕ್ಕೆ ಅಳತೆ, ಕಾಣದ ಕೆಲಸಕ್ಕೆ ದರ, ಹೆಚ್ಚುವರಿ ಕಂಡಾಗ ಫೋಟೊ ತೆಗೆದು ಒಪ್ಪಿಗೆ ಪಡೆದೇ ಮುಂದುವರಿಯುವುದು ಎಂಬ ಒಂದು ಸಾಲು ಸಾಕು. ಉಚಿತವೆಂದು ಭಾವಿಸದೆ ಮಾಡಿದ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ಹಣ ಕೊಡಬೇಕೆಂದು ಒಪ್ಪಂದ ಕಾಯ್ದೆಯ 70ನೇ ಸೆಕ್ಷನ್ ಹೇಳುತ್ತದೆ. ಅಂದರೆ ಹೆಚ್ಚು ಕೆಲಸ ಮಾಡಿಯೂ ಹಣ ಸಿಗದ ಮೇಸ್ತ್ರಿಗೂ ಅಳತೆಪಟ್ಟಿಯೇ ಆಸರೆ. ಬೆಲೆ ಏರಿಳಿತಕ್ಕೂ ಉತ್ತರವಿದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಒಪ್ಪಂದದ ನಂತರ ತೆರಿಗೆ ಬದಲಾದರೆ, ಬೇರೆ ಷರತ್ತಿಲ್ಲದಿದ್ದಲ್ಲಿ, ಏರಿದ್ದನ್ನು ಸೇರಿಸುವ ಇಳಿದದ್ದನ್ನು ಕಳೆಯುವ ತತ್ತ್ವ 1930ರ ಸರಕು ಮಾರಾಟ ಕಾಯ್ದೆಯ 64ಎ ಸೆಕ್ಷನ್‌ನಲ್ಲಿದೆ. ತೆರಿಗೆಯನ್ನು ಪ್ರತ್ಯೇಕ ಸಾಲಿನಲ್ಲಿ ಬರೆಸಿದವರಿಗೆ ಈ ಲೆಕ್ಕ ಸುಲಭ, ಎಲ್ಲ ಸೇರಿಸಿ ಒಂದೇ ಮೊತ್ತ ಒಪ್ಪಿದವರಿಗೆ ಕಷ್ಟ. 'ಬಿಲ್ ಬೇಕಾದರೆ ಶೇ 18 ಜಾಸ್ತಿ' ಎನ್ನುವ ಅಂಗಡಿಯ ನೋಂದಣಿ ಸಂಖ್ಯೆ ಕೇಳಿ: ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಬಿಲ್ ಕೊಡದಿರುವುದು ಗ್ರಾಹಕ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ದರ ನ್ಯಾಯವೋ ಎಂದು ತಿಳಿಯಲು ನೆರೆಮನೆಯವರನ್ನಷ್ಟೇ ಕೇಳಬೇಕಿಲ್ಲ. ಲೋಕೋಪಯೋಗಿ ಇಲಾಖೆ ಸಾಮಗ್ರಿ, ಕೂಲಿ, ಕೆಲಸಗಳಿಗೆ ದರಪಟ್ಟಿ ಹೊರಡಿಸುತ್ತದೆ. ಎಂಜಿನಿಯರುಗಳು ಎಸ್‌ಆರ್ ಎನ್ನುವುದು ಅದನ್ನೇ. ಖಾಸಗಿ ಕೆಲಸಕ್ಕೆ ಅದು ಕಟ್ಟುಪಾಡಲ್ಲ, ಆದರೆ ಒಳ್ಳೆಯ ಅಳತೆಗೋಲು. ಬೇಕಾದ ಪುಟಗಳನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.

ಅಂದಾಜಿಗೆ ಸೇರಬೇಕಾದ ಕೆಲವು ಬಾಬ್ತುಗಳು ಮನೆಯ ಗಡಿಯಾಚೆ ಇವೆ. ಹಂಚಿನ ಜಾಗಕ್ಕೆ ಹಂಚು ಹಾಕುವಂಥ ಮರುಹೊದಿಕೆಯನ್ನು, ಬೇರೆ ನಿಯಮ ಮೀರದಿದ್ದರೆ, ಪರವಾನಗಿ ಬೇಡದ ಕೆಲಸಗಳ ಸಾಲಿನಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಇಟ್ಟಿದೆ. ಆದರೆ ಸಂಹಿತೆ ಮಾರ್ಗದರ್ಶಿ ಮಾತ್ರ, ಕಟ್ಟುಪಾಡಾಗುವುದು ಪಾಲಿಕೆಯ ಉಪವಿಧಿ. ಗೋಡೆ ಎತ್ತರಿಸಿದರೆ, ಹಂಚು ತೆಗೆದು ಆರ್‌ಸಿಸಿ ಹಾಕಿದರೆ ಅದು ಮರುಹೊದಿಕೆಯಲ್ಲ, ಮರುನಿರ್ಮಾಣ, ಅನುಮತಿ ಪಡೆಯಬೇಕು. ಪಡೆಯದಿದ್ದರೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 321ನೇ ಸೆಕ್ಷನ್ ಅಡಿ ತೆರವಿನ ಆದೇಶ ಬರಬಹುದು. ಆಗಲೂ ಮೊದಲು ಕಾರಣ ಕೇಳುವ ನೋಟಿಸ್ ಪಡೆಯುವುದು ನಿಮ್ಮ ಹಕ್ಕು. ಸೂರಿನ ವಿಷಯದಲ್ಲಿ 1882ರ ಅನುಭೋಗ ಕಾಯ್ದೆ ಸ್ಪಷ್ಟ: ಪಕ್ಕದ ಜಾಗಕ್ಕೆ ಸೂರುನೀರು ಬಿಡುವ ಹಳೆಯ ಹಕ್ಕಿದ್ದರೂ, ಅದನ್ನೇ ನೆಪ ಮಾಡಿ ಸೂರನ್ನು ಮುಂದೆ ಚಾಚಿ ಅವರ ಹೊರೆ ಹೆಚ್ಚಿಸುವಂತಿಲ್ಲ. ಆದ್ದರಿಂದ ಹೊಸ ಮಾಡಿನ ಪಟ್ಟಿಯಲ್ಲಿ ದೋಣಿ ಮತ್ತು ಇಳಿಪೈಪಿನ ಖರ್ಚು ಇರಲೇಬೇಕು. ಮನೆಯ ಮೇಲೆ ವಿದ್ಯುತ್ ಕಂಪನಿ ಮೆಸ್ಕಾಂನ ತಂತಿ ಹಾದಿದ್ದರೆ ಸಾಮಾನ್ಯ ಮನೆಬಳಕೆಯ ಮಾರ್ಗಕ್ಕೂ ಮಾಡಿನ ತುದಿಯಿಂದ 2.5 ಮೀಟರ್ ಎತ್ತರದ ಅಂತರ ಬೇಕು. ಕೆಲಸಕ್ಕೆ ಮುಂಚೆ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಉದ್ದನೆಯ ತಗಡು ಎತ್ತುವಾಗ ಆಗುವ ಅನಾಹುತ ಯಾವ ಅಂದಾಜಿಗೂ ಸಿಗುವಂಥದ್ದಲ್ಲ.

ಮಳೆಗಾಳಿಗೆ ಮಾಡು ಹಾರಿದವರು ರಿಪೇರಿಗೆ ಮುಂಚೆ ಫೋಟೊ ತೆಗೆದು ಕಂದಾಯ ಇಲಾಖೆಗೆ ಅರ್ಜಿ ಕೊಡಬೇಕು. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರ ಮಾನದಂಡದಲ್ಲಿ ಕನಿಷ್ಠ ಶೇ 15 ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ ನಿಗದಿಯಾಗಿತ್ತು. ಮೇಲಿನ ಹಂಚಿನ ಲೆಕ್ಕದ ಮುಂದೆ ಇದು ಏನೂ ಅಲ್ಲ, ನಿಜ. ಆದರೂ ಶೇಕಡಾವಾರು ಹಾನಿ ತೋರಿಸಲು ಬೇಕಾದದ್ದು ಮತ್ತೆ ಅಳತೆಯೇ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಹಳೆಯದು: ಸೋರುವ ಮಾಡಿಗಾಗಿ ಕೋರ್ಟು ಹತ್ತುವವರಾರು? ಮನೆ ನಿರ್ಮಾಣವನ್ನು ಶಾಸನ 1993ರಲ್ಲೇ ಗ್ರಾಹಕ ಕಾಯ್ದೆಯ 'ಸೇವೆ'ಯೊಳಗೆ ತಂದಿತು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿಶಾಲವಾಗಿ ಅರ್ಥೈಸಿತು. ಇಲ್ಲಿ ಒಂದು ಗೆರೆ ಮಾತ್ರ ಮುಖ್ಯ. ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಅದು ಸೇವೆ. ದಿನಗೂಲಿಗೆ ಆಳು ಕರೆದು ನೀವೇ ಮುಂದೆ ನಿಂತು ಹೇಳಿ ಮಾಡಿಸಿದ್ದರೆ ಅದು ವೈಯಕ್ತಿಕ ಸೇವೆಯ ಕರಾರು ಎನಿಸಿ ಗ್ರಾಹಕ ಆಯೋಗದ ವ್ಯಾಪ್ತಿಯಿಂದ ಹೊರಗುಳಿಯಬಹುದು. ಆಗ ಕಳಪೆ ಸಾಮಗ್ರಿಗೆ ಅಂಗಡಿಯನ್ನಷ್ಟೇ ಹೊಣೆಯಾಗಿಸಬಹುದು. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರು ಕಡ್ಡಾಯವಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು. ತಕರಾರಿನ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಕಾಯ್ದೆ ಮೂರರಿಂದ ಐದು ತಿಂಗಳಲ್ಲಿ ಮುಗಿಸಲು ಹೇಳುತ್ತದೆ. ವಾಸ್ತವದಲ್ಲಿ ತಡವಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಸಾಕ್ಷ್ಯದ ಕೊರತೆ ನೀಗಿಸುವುದು ನಮ್ಮ ಕೈಯಲ್ಲಿದೆ. ಸೋರಿದ ಕೂಡಲೇ ಬೇರೆಯವರಿಂದ ರಿಪೇರಿ ಮಾಡಿಸಬಾರದು. ಮೊದಲು ಲಿಖಿತ ನೋಟಿಸ್, ಎಂಜಿನಿಯರಿಂದ ಪರಿಶೀಲನಾ ವರದಿ, ಆಮೇಲೆ ರಿಪೇರಿ ಮತ್ತು ಅದರ ಬಿಲ್. ಮೊದಲೇ ಒಪ್ಪಿಕೊಂಡು ಒಂದಂಶ ಹಣವನ್ನು ಮೊದಲ ಮಳೆಗಾಲ ಕಳೆಯುವವರೆಗೆ ಬಾಕಿ ಇಟ್ಟುಕೊಂಡರೆ ಇಷ್ಟು ದೂರ ಹೋಗುವ ಸಂದರ್ಭವೇ ಕಡಿಮೆ. ಆಯೋಗಕ್ಕೆ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ದಾವೆಗೆ ಮೊದಲೇ ರಾಜಿಗೆ ಕರೆಸಬಹುದು; ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವಿದೆ. ಆ ರಾಜಿ ನಡೆಯುವ ಲೋಕ ಅದಾಲತ್ತಿನ ತೀರ್ಮಾನ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ರಾಜಿಪತ್ರಕ್ಕೆ ಸಹಿ ಹಾಕುವ ಮೊದಲು ಮಾಡಿನ ಯಾವ ಭಾಗ, ಯಾವ ಸಾಮಗ್ರಿಯಲ್ಲಿ, ಯಾವ ತಾರೀಖಿನೊಳಗೆ ಎಂಬುದನ್ನು ಅದರಲ್ಲಿ ಬರೆಸಿಕೊಳ್ಳಬೇಕು.