ಮುಚ್ಚಳ ತೆಗೆಯುವ ಆತುರ ಬೇಡ

ಬೀಫ್ ರೋಸ್ಟ್ ಬೆಣ್ಣೆಯ ಹಾಗೆ ಮೆತ್ತಗಾಗಬೇಕೇ? ದುಬಾರಿ ತುಂಡಿಗೆ ದುಡ್ಡು ಸುರಿಯಬೇಡಿ, ಹೆಗಲಿನ ಮಾಂಸವೇ ಸರಿ. ಅದು ಹಟಮಾರಿ, ನಿಜ. ಆದರೆ ಅದರೊಳಗಿನ ಕೊಲಾಜೆನ್ ಸುಮಾರು 70 ಡಿಗ್ರಿ ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ರುಚಿಯ ಗುಟ್ಟೆಲ್ಲ ಅಲ್ಲೇ. ಒಂದೂವರೆ ಕಿಲೋ ತುಂಡಿಗೆ 150 ಡಿಗ್ರಿಯ ಓವನ್‌ನಲ್ಲಿ 3 ಗಂಟೆಯಾದರೂ ಕೊಡಿ.

ಮೊದಲು ಬಾಣಲೆಯಲ್ಲಿ ಎಲ್ಲ ಮಗ್ಗುಲೂ ಕೆಂಪಗೆ ಹುರಿದುಕೊಳ್ಳಿ. ಓವನ್‌ಗೆ ಇಡುವ ಸ್ಟೋನ್‌ವೇರ್ ಪಾತ್ರೆಯಲ್ಲೇ ಹುರಿಯಬೇಡಿ, ನೇರ ಉರಿಗಿಟ್ಟರೆ ಅದು ಬಿರುಕು ಬಿಟ್ಟೀತು. ಫ್ರಿಜ್ಜಿನಿಂದ ತೆಗೆದ ತಣ್ಣನೆ ಪಾತ್ರೆಯನ್ನು ಕಾದ ಓವನ್‌ಗೆ ತಳ್ಳುವುದೂ ಬೇಡ. ಪಾತ್ರೆಯ ತಳಕ್ಕೆ ಈರುಳ್ಳಿ ಹಾಸಿ, ಮೇಲೆ ಮಾಂಸ ಇಟ್ಟು, ಒಂದು ಲೋಟ ನೀರು ಹಾಕಿ, ಮುಚ್ಚಿಬಿಡಿ. ಇಣುಕಬೇಡಿ! (ನಾನು ಇಣುಕಿದಾಗಲೆಲ್ಲ ಹಬೆ ಓಡಿಹೋಗಿದೆ.) ಫೋರ್ಕ್ ಸಲೀಸಾಗಿ ಇಳಿದರೆ ಬೆಂದಿದೆ ಎಂದರ್ಥ. 15 ನಿಮಿಷ ಸುಮ್ಮನೆ ಬಿಟ್ಟು, ನಾರಿಗೆ ಅಡ್ಡಲಾಗಿ ಕುಯ್ಯಿರಿ.