ಗಗ್ಗನ ಜಾಗ



ಕಳೆದ ಭಾನುವಾರ ವಿಹಾರದಲ್ಲಿ ಎರಡನೆಯ ಆರ್ಯಸತ್ಯದ ಪಾಠ ನಡೆದಿತ್ತು. ತೃಷ್ಣೆಯೇ ದುಃಖಕ್ಕೆ ಮೂಲ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ಕೂತಿದ್ದ ಒಬ್ಬ ಅಕ್ಕ ಕೈ ಎತ್ತಿದರು. ಅವರ ಮಗನಿಗೆ ಏಳು ವರ್ಷದಿಂದ ಸ್ಕಿಜೋಫ್ರೇನಿಯಾ. "ಅಣ್ಣಾ, ನನ್ ಮಗ ವಾಸಿ ಆಗ್ಲಿ ಅಂತ ದಿನಾ ಅಂದ್ಕೋತೀನಿ. ಅದೂ ಆಸೆನೇ ಅಲ್ವಾ? ಅದನ್ನೂ ಬಿಟ್ಬಿಡ್ಬೇಕಾ?" ಎಂದು ಕೇಳಿದರು.

ಸಭೆ ಸುಮ್ಮನಾಯಿತು. ನಾನು ಅನಿತ್ಯದ ಬಗ್ಗೆ ಏನೋ ಹೇಳಿದೆ. ಮನೆಗೆ ಬಂದ ಮೇಲೆ, ಅದು ಉತ್ತರವಲ್ಲ, ತಪ್ಪಿಸಿಕೊಂಡದ್ದು ಎಂದು ಗೊತ್ತಾಯಿತು. ನನಗಂತೂ ತಪ್ಪಿಸಿಕೊಳ್ಳುವ ಹಕ್ಕು ಇರಲಿಲ್ಲ. ನನ್ನ ತಮ್ಮನಿಗೂ ಅದೇ ಕಾಯಿಲೆ. ಇಷ್ಟು ವರ್ಷ ಈ ಗುಂಪಿನಲ್ಲಿ ಬರೆಯುತ್ತಿದ್ದರೂ ಅದನ್ನು ನಾನು ಹೇಳಿರಲಿಲ್ಲ. ಅಕ್ಕನ ಒಪ್ಪಿಗೆ ಮತ್ತು ತಮ್ಮನ ಒಪ್ಪಿಗೆ ಎರಡನ್ನೂ ಕೇಳಿ ಇವತ್ತು ಬರೆಯುತ್ತಿದ್ದೇನೆ. ದಿನದ ಚಿಂತನೆಗಿಂತ ಉದ್ದವಾಗಿದೆ, ಬಿಡುವಾದಾಗ ಓದಿ.

ಮೊದಲು ಕಾಯಿಲೆಯ ವಿಷಯ. ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಹತ್ತಿರ ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು, ಯಾರೋ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ, ಇವು ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದ ಇನ್ನೊಂದು ಭಾಗ ಇದೆ. ಸ್ನಾನ, ಮಾತು, ಕೆಲಸ ಯಾವುದಕ್ಕೂ ಮನಸ್ಸು ಏಳುವುದಿಲ್ಲ. ಅದೂ ಕಾಯಿಲೆಯೇ. ಮನೆಯವರು ಅದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ನಾಲ್ಕು ವರ್ಷ ತಮ್ಮನನ್ನು ಬೈದಿದ್ದೇನೆ.

ನಮ್ಮದು ದೀಕ್ಷೆ ತೆಗೆದುಕೊಂಡ ಮನೆ. ಬಾಬಾಸಾಹೇಬರ ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಅಪ್ಪ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಆದರೆ ತಮ್ಮ ರಾತ್ರಿಯೆಲ್ಲ ಗೋಡೆಯ ಜೊತೆ ಮಾತಾಡಲು ಶುರು ಮಾಡಿದಾಗ ಅಮ್ಮ ತಾಯತ ತಂದರು, ನಿಂಬೆಹಣ್ಣು ಮಂತ್ರಿಸಿ ತಂದರು. ಆಮೇಲೆ ಎಲ್ಲರೂ ಸೇರಿ ಅವನನ್ನು ದೂರದ ಊರಿನ ಒಂದು ಜಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಅವನ ಕಾಲಿಗೆ ಸರಪಳಿ ಹಾಕಿದರು. ನಾನು ನೋಡುತ್ತಾ ನಿಂತಿದ್ದೆ, ಬೇಡ ಅನ್ನಲಿಲ್ಲ. ಭಯ ಬಂದಾಗ ಪ್ರತಿಜ್ಞೆ ಗೋಡೆಯ ಮೇಲೇ ಉಳಿಯಿತು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ಮಂದಿ ಓಡಲಾಗದೆ ಸತ್ತರು. ಅದನ್ನು ಪೇಪರಿನಲ್ಲಿ ಓದಿ ಮರುಗಿದವನೂ ನಾನೇ. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ರೋಗಿಗೆ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ.

"ಹಿಂದಿನ ಜನ್ಮದ ಕರ್ಮ" ಎಂಬ ಮಾತು ನಮ್ಮ ಕೇರಿಯಲ್ಲಿ ಇನ್ನೂ ಓಡಾಡುತ್ತಿದೆ. ಹಿಂದಿನ ಜನ್ಮದ ಕರ್ಮ ಈ ಜನ್ಮದ ಸ್ಥಿತಿಯನ್ನು ಗೊತ್ತುಮಾಡುತ್ತದೆ ಎಂಬುದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಳ್ಳಿಹಾಕಿದ್ದಾರೆ. ಬಡವರ, ಕೆಳಗಿಟ್ಟವರ ಸ್ಥಿತಿಗೆ ಸಮಾಜ ಹೊಣೆ ಹೊರದೆ ನುಣುಚಿಕೊಳ್ಳಲು ಆ ಸಿದ್ಧಾಂತ ದಾರಿ ಮಾಡಿಕೊಡುತ್ತದೆ ಎಂಬುದು ಅವರ ವಾದ. ಜಾತಿಯ ವಿಷಯದಲ್ಲಿ ನಾವು ಇದನ್ನು ಬಾಯಿಪಾಠ ಒಪ್ಪಿಸುತ್ತೇವೆ. ಕಾಯಿಲೆ ಬಿದ್ದ ಹುಡುಗನ ತಾಯಿಯ ಮುಂದೆ ಮಾತ್ರ ಮರೆತುಬಿಡುತ್ತೇವೆ.

ಇನ್ನೊಂದು ವಿಷಯ ಹೇಳಲೇಬೇಕು. ಹೋಟೆಲಿನಲ್ಲಿ ತನಗೆ ಬೇರೆ ಲೋಟ ಇಡುತ್ತಿದ್ದದ್ದನ್ನು ಅಪ್ಪ ಸಾಯುವವರೆಗೂ ಮರೆಯಲಿಲ್ಲ. ಅದೇ ಅಪ್ಪನ ಮನೆಯಲ್ಲಿ ತಮ್ಮನಿಗೆ ಬೇರೆ ತಟ್ಟೆ ಇತ್ತು. ನೆಂಟರು ಬಂದರೆ ಅವನನ್ನು ಹಿತ್ತಿಲ ಕೋಣೆಗೆ ಕಳಿಸುತ್ತಿದ್ದೆವು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿಯೇ ಆಯಿತು. ಅಸ್ಪೃಶ್ಯತೆಯೂ ಹಾಗೇ ಆಗಿರಬೇಕು ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ನಾವು ಕನ್ನಡದಲ್ಲಿ ಎಲ್ಲಕ್ಕೂ 'ಆಸೆ' ಅಂದುಬಿಡುತ್ತೇವೆ. ಪಾಲಿಯಲ್ಲಿ ಎರಡು ಮಾತುಗಳಿವೆ. ಒಂದು ತಣ್ಹಾ, ಅಂದರೆ ಬಾಯಾರಿಕೆ: ಇದು ಹೀಗೇ ಆಗಬೇಕು, ಆಗದಿದ್ದರೆ ನಾನಿಲ್ಲ ಎಂಬ ಹಟ. ಇನ್ನೊಂದು ಛಂದ. ಈ ಮಾತಿಗೆ ಕೆಟ್ಟ ಅರ್ಥವೂ ಇದೆ, ಆದರೆ ಒಳ್ಳೆಯದನ್ನು ಮಾಡುವ ಇಚ್ಛೆ ಎಂಬ ಅರ್ಥದಲ್ಲಿ ಅದು ಬಿಡಬೇಕಾದದ್ದಲ್ಲ, ಬೆಳೆಸಬೇಕಾದದ್ದು. ಅಷ್ಟಾಂಗ ಮಾರ್ಗದ ಸಮ್ಯಕ್ ವ್ಯಾಯಾಮ ಶುರುವಾಗುವುದೇ ಆ ಇಚ್ಛೆಯಿಂದ. ಮಗ ಮೊದಲಿನ ಹಾಗೇ ಆಗಬೇಕು, ಡಿಗ್ರಿ ಮುಗಿಸಬೇಕು, ಮುಂದಿನ ವರ್ಷದೊಳಗೆ ಮದುವೆ ಆಗಬೇಕು ಎಂಬುದು ಮೊದಲನೆಯದರ ಕಡೆಗೆ ವಾಲುತ್ತದೆ. ಇವತ್ತು ಅವನು ಮಾತ್ರೆ ತೆಗೆದುಕೊಳ್ಳಲಿ, ಸಂಜೆ ನನ್ನ ಜೊತೆ ಅಂಗಡಿಯವರೆಗೆ ನಡೆದು ಬರಲಿ ಎಂದು ಬಯಸಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾಯುವುದು ಎರಡನೆಯದು. ಅಕ್ಕಾ, ನೀವು ಬಿಡಬೇಕಾದದ್ದು ಅದನ್ನಲ್ಲ.

ಆ ಭರವಸೆಗೆ ಆಧಾರವೂ ಇದೆ. ಈ ಕಾಯಿಲೆ ಬಂದವರಲ್ಲಿ ಮೂವರಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಉಳಿದವರಲ್ಲೂ ಬಹಳ ಮಂದಿ ಸ್ವಲ್ಪ ಲಕ್ಷಣ ಉಳಿದರೂ ಮನೆ, ಕೆಲಸ ನೋಡಿಕೊಂಡು ಬದುಕುತ್ತಾರೆ. ನಮ್ಮ ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಯ ರೋಗಿಗಳಿಗೆ ಅವರ ಊರ ಹತ್ತಿರವೇ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟಿದ್ದಾರೆ. ಬಹಳ ಕಾಲ ಔಷಧಿಯೇ ಕಾಣದವರೂ ಅಲ್ಲಿ ಸುಧಾರಿಸಿದ್ದಾರೆ. ಎಲ್ಲರೂ ವಾಸಿಯಾಗುತ್ತಾರೆ ಎಂದು ನಾನು ಹೇಳಲಾರೆ. ಹಾಗೆ ಹೇಳುವವರನ್ನು ನಂಬಿ ನಾವು ಒಂದು ಎಮ್ಮೆ ಮಾರಿದ್ದೇವೆ.

ಇಂಥ ಸಂದರ್ಭದಲ್ಲಿ ನಾವು ಸಾಮಾನ್ಯವಾಗಿ ಪಟಾಚಾರಾ ಥೇರಿಯ ಕಥೆ ಹೇಳುತ್ತೇವೆ. ಗಂಡ, ಮಕ್ಕಳು, ತಂದೆ ತಾಯಿ ಎಲ್ಲರನ್ನೂ ಕಳೆದುಕೊಂಡು ಬುದ್ಧಿ ಕಲಕಿ ಅಲೆಯುತ್ತಿದ್ದವಳು ಭಗವಾನರ ಒಂದು ಮಾತಿಗೆ ಎಚ್ಚರಗೊಂಡಳು. ದೊಡ್ಡ ಕಥೆ. ಆದರೆ ಏಳು ವರ್ಷ ಮಾತ್ರೆ ಎಣಿಸಿದ ತಾಯಿಗೆ ಅದನ್ನು ಹೇಳಿದರೆ, 'ನನ್ನ ಮಾತಿಗೆ ನನ್ನ ಮಗ ಯಾಕೆ ಎಚ್ಚರಗೊಳ್ಳಲಿಲ್ಲ' ಎಂದು ಅವಳು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಅವಳಿಗೆ ಹೇಳಬೇಕಾದ ಕಥೆ ವಿನಯ ಪಿಟಕದಲ್ಲಿದೆ. ನಾವು ಅದನ್ನು ಹೇಳುವುದು ಕಡಿಮೆ.

ಗಗ್ಗ ಎಂಬ ಒಬ್ಬ ಭಿಕ್ಕು ಇದ್ದ. ಅವನ ಮನಸ್ಸು ಕೆಟ್ಟಿತ್ತು. ಇವತ್ತಿನ ಕಾಯಿಲೆಯ ಹೆಸರನ್ನು ನಾನು ಅವನಿಗೆ ಅಂಟಿಸುವುದಿಲ್ಲ, ಪಾಲಿಯಲ್ಲಿ 'ಉಮ್ಮತ್ತಕ' ಎಂದಿದೆ ಅಷ್ಟೆ. ಉಪೋಸಥದ ದಿನ ಒಮ್ಮೆ ಅವನಿಗೆ ನೆನಪಿರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಒಮ್ಮೆ ಬರುತ್ತಿದ್ದ, ಒಮ್ಮೆ ಬರುತ್ತಿರಲಿಲ್ಲ. ಉಪೋಸಥಕ್ಕೆ ಸಂಘದ ಎಲ್ಲರೂ ಸೇರಬೇಕೆಂಬ ನಿಯಮ. ಒಬ್ಬ ತಪ್ಪಿದರೂ ತೊಡಕು. ಸುಲಭದ ದಾರಿ ಎಂದರೆ ಅವನ ಹೆಸರು ತೆಗೆದುಹಾಕುವುದು. ಬುದ್ಧರು ಹಾಗೆ ಮಾಡಲಿಲ್ಲ. ಗಗ್ಗನಿಗೆ ನೆನಪಿರಲಿ, ಇಲ್ಲದಿರಲಿ, ಅವನು ಬರಲಿ, ಬಾರದಿರಲಿ, ಸಂಘ ಉಪೋಸಥ ನಡೆಸಬಹುದು ಎಂದು ಸಂಘವೇ ಅಧಿಕೃತವಾಗಿ ಒಪ್ಪಿಗೆ ಕೊಡುವಂತೆ ಮಾಡಿದರು. ಅವನಿಗಾಗಿ ಸಂಘ ನಿಲ್ಲಲಿಲ್ಲ, ಸಂಘಕ್ಕಾಗಿ ಅವನ ಜಾಗವೂ ಹೋಗಲಿಲ್ಲ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಗಗ್ಗ ಚೇತರಿಸಿಕೊಂಡ. ಆಗ ಕೆಲವು ಭಿಕ್ಕುಗಳು ಅವನು ಕಾಯಿಲೆಯಲ್ಲಿದ್ದಾಗ ಮಾಡಿದ್ದನ್ನು ಎತ್ತಿ ಆಡತೊಡಗಿದರು. ಆಗ ನನಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ, ನೆನಪೂ ಇಲ್ಲ ಎಂದು ಅವನು ಹೇಳಿದರೂ ಬಿಡಲಿಲ್ಲ. ವಿಷಯ ಬುದ್ಧರ ಬಳಿಗೆ ಹೋಯಿತು. ಅವರು ಅವನಿಗೆ 'ಅಮೂಳ್ಹ ವಿನಯ' ಕೊಡಿಸಿದರು. ಗಗ್ಗ ಸಂಘದ ಮುಂದೆ ಬಂದು ಮೂರು ಸಲ ಕೇಳಿದ. ಸಂಘದ ಮುಂದೆ ಗೊತ್ತುವಳಿ ಮಂಡಿಸಿ, ಮೂರು ಸಲ ಸಾರಿ, ಯಾರ ಆಕ್ಷೇಪವೂ ಇಲ್ಲವೆಂದಾದ ಮೇಲೆ ತೀರ್ಮಾನವಾಯಿತು: ಅವನು ಈಗ ಸ್ವಸ್ಥ, ಕಾಯಿಲೆಯ ಕಾಲದಲ್ಲಿ ಆದದ್ದನ್ನು ಅವನ ಲೆಕ್ಕಕ್ಕೆ ಹಾಕುವಂತಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ಸಂಸದೀಯ ನಡಾವಳಿಯ ನಿಯಮಗಳು ಭಿಕ್ಕು ಸಂಘಕ್ಕೆ ಗೊತ್ತಿದ್ದವು ಎಂದು ಹೆಮ್ಮೆಯಿಂದ ಹೇಳಿದ್ದು ನಮಗೆಲ್ಲ ಗೊತ್ತು. ಅದೇ ಗೊತ್ತುವಳಿಯ ಕ್ರಮವನ್ನು ಒಬ್ಬ ಚೇತರಿಸಿಕೊಂಡ ರೋಗಿಯ ಮಾನ ಕಾಯಲು ಬಳಸಿದ್ದರು ಎಂಬುದು ನನಗೆ ಗೊತ್ತಾದದ್ದು ತೀರ ಈಚೆಗೆ.

ನಮ್ಮ ಮನೆಯಲ್ಲಿ ಆ ವಿನಯ ಇರಲಿಲ್ಲ. ಕಾಯಿಲೆ ಜೋರಿದ್ದಾಗ ತಮ್ಮ ಚಿಕ್ಕಪ್ಪನ ಮೇಲೆ ಕಲ್ಲು ಎಸೆದಿದ್ದ. ಹಣೆಗೆ ಮೂರು ಹೊಲಿಗೆ ಬಿದ್ದವು. ಆಮೇಲೆ ಸರ್ಕಾರಿ ಆಸ್ಪತ್ರೆಯ ಮಾತ್ರೆ, ತಿಂಗಳಿಗೊಮ್ಮೆ ಇಂಜೆಕ್ಷನ್ ಆಗಿ, ಐದು ವರ್ಷದಿಂದ ಅವನು ಟೈಲರ್ ಅಂಗಡಿಯಲ್ಲಿ ಕಾಜಾ ಗುಂಡಿ ಕೆಲಸಕ್ಕೆ ಹೋಗುತ್ತಿದ್ದಾನೆ. ಆದರೂ ಜಮೀನಿನ ಮಾತಾಗಲಿ, ಮದುವೆ ಮನೆಯ ಮಾತಾಗಲಿ, ಅವನು ಬಾಯಿ ತೆಗೆದರೆ ಯಾರಾದರೂ "ಆವತ್ತು ಕಲ್ಲು ಎಸ್ದೋನು ನೀನೇ ಅಲ್ವಾ" ಅನ್ನುತ್ತಿದ್ದರು. ಅವನು ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದ. ಹೋದ ಯುಗಾದಿಗೆ ಚಿಕ್ಕಪ್ಪನೇ, ಹಣೆಯ ಗಾಯದ ಗುರುತು ಮುಟ್ಟಿಕೊಂಡು, "ಅದು ಮುಗೀತು, ಇನ್ನು ಆ ಮಾತು ಎತ್ತಬ್ಯಾಡಿ" ಅಂದರು. ಅವರು ವಿನಯ ಪಿಟಕ ಓದಿದವರಲ್ಲ. ತಮ್ಮ ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡ.

ಮಾತು ಇಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಜೊತೆಯವರು ದಶಕಗಳ ಹಿಂದೆಯೇ ಇದನ್ನು ಅಳೆದು ನೋಡಿದ್ದಾರೆ. ಸದಾ ಕೊಂಕು, ಸಿಟ್ಟು ಇರುವ ಮನೆಗೆ, ಹಾಗೆಯೇ ಉಸಿರು ಕಟ್ಟುವಷ್ಟು ಮುದ್ದು ಮಾಡುವ ಮನೆಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಆಮೇಲೆ ಚಂಡೀಗಢದ ಸುತ್ತ ನೋಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಕಂಡವು. ನಮ್ಮ ಕುಟುಂಬ ವ್ಯವಸ್ಥೆಯೇ ಶ್ರೇಷ್ಠ ಎಂದು ಹಿಗ್ಗುವವರಿಗೆ ಒಂದು ಮಾತು: ಇಲ್ಲಿ 'ಕುಟುಂಬ ನೋಡಿಕೊಳ್ಳುತ್ತದೆ' ಎಂದರೆ ಬಹಳ ಸಲ ಒಬ್ಬ ತಾಯಿಯೋ ಹೆಂಡತಿಯೋ ನೋಡಿಕೊಳ್ಳುತ್ತಾಳೆ ಎಂದರ್ಥ. ಕಾಯಿಲೆ ಹೆಂಡತಿಗೇ ಬಂದರೆ ಅವಳನ್ನು ತವರಿಗೆ ಬಿಟ್ಟು ಬಂದ ಮನೆಗಳು ನಮ್ಮ ನಿಮ್ಮ ನಡುವೆಯೇ ಇವೆ.

ಭೇದಿಯಿಂದ ನರಳುತ್ತಾ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಕುವನ್ನು ಬುದ್ಧರು ಆನಂದರ ಜೊತೆ ಸೇರಿ ತಾವೇ ತೊಳೆದು ಮಲಗಿಸಿದ ಪ್ರಸಂಗ ನಿಮಗೆ ಗೊತ್ತು. ಆಮೇಲೆ ಅವರು ಸಂಘವನ್ನು ಕರೆದು, ಇವನನ್ನು ಯಾರೂ ಏಕೆ ನೋಡಿಕೊಳ್ಳಲಿಲ್ಲ ಎಂದು ಕೇಳಿದರು. ಪ್ರಶ್ನೆ ಒಬ್ಬನಿಗಲ್ಲ, ಇಡೀ ಸಂಘಕ್ಕೆ. ಆ ಅಕ್ಕ ಏಳು ವರ್ಷದಲ್ಲಿ ಒಂದು ರಾತ್ರಿಯೂ ತವರಿನಲ್ಲಿ ಉಳಿದಿಲ್ಲವಂತೆ. ನಮ್ಮ ವಿಹಾರದಲ್ಲಿ ನಲವತ್ತು ಮನೆಗಳಿವೆ. ತಿಂಗಳಿಗೊಂದು ದಿನ ಇಬ್ಬರು ಹೋಗಿ ಆ ಹುಡುಗನ ಜೊತೆ ಕೂತರೆ ಅವರು ತಂಗಿಯ ಮನೆಗೆ ಹೋಗಿ ಬರಬಹುದು. ಹೋಗುವವರು ಉಪದೇಶ ಮಾಡಬೇಡಿ, ಕ್ರಿಕೆಟ್ ನೋಡಿ.

ಕೆಲವು ಉಪಯೋಗದ ಮಾತು. ಮಾತ್ರೆಯಿಂದ ಮೈ ದಪ್ಪವಾದರೆ, ಕೈ ನಡುಗಿದರೆ, ಹಗಲೆಲ್ಲ ನಿದ್ದೆ ಬಂದರೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಬೇಕು, ತಾವಾಗಿಯೇ ನಿಲ್ಲಿಸಬಾರದು. ಕಾಯಿಲೆ ಜೋರಿರುವವರನ್ನು ವಾಸಿಯಾಗಲೆಂದು ಹತ್ತು ದಿನದ ಮೌನ ಧ್ಯಾನ ಶಿಬಿರಕ್ಕೆ ಕಳಿಸಬೇಡಿ, ಅದರಿಂದ ಹೆಚ್ಚಾಗುವ ಸಾಧ್ಯತೆ ಇದೆ. ಆನಾಪಾನವೂ ಡಾಕ್ಟರನ್ನು ಕೇಳಿಯೇ. ದಿನದ ಯಾವ ಹೊತ್ತಿನಲ್ಲಾದರೂ ಮಾತಾಡಲು ಟೆಲಿ ಮಾನಸ್ ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಆರೈಕೆ ಮಾಡುವವರೂ ತಮ್ಮ ಸಂಕಟಕ್ಕೆ ಅದೇ ಸಂಖ್ಯೆಗೆ ಫೋನ್ ಮಾಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರ, ಮಾಸಾಶನದ ಅರ್ಜಿ ಬರೆದುಕೊಡಲು ನಮ್ಮ ಗುಂಪಿನಲ್ಲೇ ಇಬ್ಬರು ನಿವೃತ್ತ ಗುಮಾಸ್ತರಿದ್ದಾರೆ, ಸಂಕೋಚ ಬೇಡ.

ನಿನ್ನೆ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಹುಡುಗ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತ. ಭಾನುವಾರ ಬಾ, ಮೇಣದ ಬತ್ತಿ ಹಚ್ಚುವ ಕೆಲಸ ನಿನಗೆ ಎಂದೆ. "ನೋಡ್ತೀನಿ ಅಣ್ಣ, ಆವತ್ತು ಹೆಂಗಿರ್ತೀನೋ" ಅಂದ. ವಂದನೆ ಎಂದಿನಂತೆ ಹತ್ತು ಗಂಟೆಗೆ ಶುರು. ಎಡಗಡೆ ಕಿಟಕಿಯ ಪಕ್ಕದ ಚಾಪೆಯಲ್ಲಿ ಯಾರೂ ಕೂರಬೇಡಿ. ಅದು ಅವನಿಗೆ.

ಜೈ ಭೀಮ್. ನಮೋ ಬುದ್ಧಾಯ.