ಕೌದಿಗೆ ಫ್ಲಾನೆಲಿನ ಅಸ್ತರು

ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೈಯಿಂದ ಹೊಲಿಯುವ ಉತ್ತರ ಕರ್ನಾಟಕದ ಕೌದಿಯನ್ನು ವಾಚಕರು ಬಲ್ಲರು. ಅದರ ಅಡಿಗೆ ಅಷ್ಟೇ ತೂಕದ ಸಾದಾ ಬಟ್ಟೆಗೆ ಬದಲಾಗಿ ಹತ್ತಿಯ ಫ್ಲಾನೆಲಿನ ಅಸ್ತರನ್ನು ಕೊಟ್ಟರೆ ಹೆಚ್ಚು ಬೆಚ್ಚಗಾಗುವುದು. ಇದಕ್ಕೆ ಕಾರಣವೇನೆಂಬುದನ್ನು ನಾವು ವಿಚಾರಿಸೋಣ.

ಬಟ್ಟೆಯು ಶಾಖವನ್ನು ಉತ್ಪಾದಿಸುವುದಿಲ್ಲ. ನಮ್ಮ ದೇಹದ ಶಾಖವು ಹೊರಹೋಗುವುದನ್ನು ತಡೆಯುವುದಷ್ಟೇ ಅದರ ಕೆಲಸ. ಫ್ಲಾನೆಲನ್ನು ನೇಯ್ದ ಬಳಿಕ ತಂತಿಮುಳ್ಳುಗಳುಳ್ಳ ಉರುಳೆಗಳಿಂದ ಕೆರೆದು, ಅದರ ಮೇಲ್ಮೈಯಲ್ಲಿ ನವಿರಾದ ಎಳೆಗಳನ್ನು ಎಬ್ಬಿಸುವರು. ಇವುಗಳ ನಡುವೆ ಸಿಲುಕಿದ ವಾಯುವು ಚಲಿಸಲಾರದು. ನಿಶ್ಚಲವಾದ ವಾಯು ಉಷ್ಣದ ಅತಿ ಮಂದ ವಾಹಕ. ನೀರಿನ ವಾಹಕತೆ ಅದಕ್ಕಿಂತ 20 ಪಟ್ಟಿಗೂ ಹೆಚ್ಚು. ಒದ್ದೆಯಾದ ಕೌದಿ ಚಳಿಯನ್ನು ತಡೆಯಲಾರದಿರುವುದು ಇದರಿಂದಲೇ.

ಆದರೆ ನಮ್ಮನ್ನು ಬೆಚ್ಚಗಿಡುವ ಈ ವಾಯುವೇ ಬೆಂಕಿಗೂ ಪೋಷಕವಾಗಬಲ್ಲುದು. ಒಂದೊಂದು ಎಳೆಯ ಸುತ್ತಲೂ ಆಮ್ಲಜನಕವಿರುವುದರಿಂದ, ಕಿಡಿ ತಗುಲಿದೊಡನೆ ಜ್ವಾಲೆಯು ಮೇಲ್ಮೈಯುದ್ದಕ್ಕೂ ಹರಿಯುವುದು. 20ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಇಂಥ ಬಟ್ಟೆ ತೊಟ್ಟ ಅನೇಕ ಮಕ್ಕಳು ಸುಟ್ಟು ಮಡಿದರು. ಬಟ್ಟೆ ಸುಲಭವಾಗಿ ಹೊತ್ತಿಕೊಳ್ಳದಂತೆ ತವರದ ಲವಣದಿಂದ ಸಂಸ್ಕರಿಸುವ ವಿಧಾನವನ್ನು ರಸಾಯನಶಾಸ್ತ್ರಜ್ಞ ಕಿರಿಯ ವಿಲಿಯಂ ಹೆನ್ರಿ ಪರ್ಕಿನ್ ಆಗ ರೂಪಿಸಿದರು. ಸಂಸ್ಕಾರವಿಲ್ಲದ ಫ್ಲಾನೆಲಿನ ಅಸ್ತರುಳ್ಳ ಕೌದಿಯನ್ನು, ವಿಶೇಷವಾಗಿ ಮಕ್ಕಳಿಗೆ ಹೊದಿಸುವಾಗ, ಒಲೆ ದೀಪಗಳಿಂದ ನಾವು ದೂರವಿಡತಕ್ಕದ್ದು.